ಪಂಪಿಗೆ ಮೂವತ್ತೊಂದು ಸಾಲು, ಮನುಷ್ಯನಿಗೆ ಒಂದು: ಮೆಡಿಕಲ್ ಅರ್ಜಿ ಸಲಹಾ ಸೇವೆಯೊಂದರ ರಿವ್ಯೂ

ಮೊದಲೇ ಹೇಳಿಬಿಡುತ್ತೇನೆ, ಕಂಪನಿಯ ಹೆಸರು ಹಾಕುವುದಿಲ್ಲ. ಬೈಯುವುದು ಸ್ವಲ್ಪ ಇದೆ, ಹೊಗಳುವುದು ಒಬ್ಬರನ್ನು ಮಾತ್ರ. ಅಮೆರಿಕದಲ್ಲಿ ಮೆಡಿಕಲ್ ಕಾಲೇಜಿಗೆ ಅರ್ಜಿ ಹಾಕುವವರಿಗೆ ಸಲಹೆ ಕೊಡುವ ಇಂಥ ಕಂಪನಿಗಳು ಬೇಕಾದಷ್ಟಿವೆ. ಪ್ಯಾಕೇಜ್ ಹೆಚ್ಚುಕಡಿಮೆ ಒಂದೇ ಥರ. ಅಂಕಪಟ್ಟಿ ನೋಡುತ್ತಾರೆ, ಕಾಲೇಜುಗಳ ಪಟ್ಟಿ ಮಾಡಿಕೊಡುತ್ತಾರೆ, ಪ್ರಬಂಧ ತಿದ್ದುತ್ತಾರೆ, ಅಣಕು ಸಂದರ್ಶನ ನಡೆಸುತ್ತಾರೆ. ನಾನು ನಾಲ್ಕೂ ಸೇರಿದ್ದನ್ನೇ ತೆಗೆದುಕೊಂಡೆ. ಒಂದು ತಿಂಗಳ ಬಾಡಿಗೆಗಿಂತ ಜಾಸ್ತಿ ಹೋಯಿತು.

ನಾನು ಇಲ್ಲೇ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಿದವಳು. ಆಮೇಲೆ ಐದು ವರ್ಷ ಇನ್ಫ್ಯೂಷನ್ ಪಂಪಿಗೆ ಸಾಫ್ಟ್‌ವೇರ್ ಬರೆದೆ. ಆಸ್ಪತ್ರೆಯ ಹಾಸಿಗೆ ಪಕ್ಕ ಕಂಬಕ್ಕೆ ಸಿಕ್ಕಿಸಿರುತ್ತಾರಲ್ಲ, ನಿಗದಿ ಮಾಡಿದ ವೇಗದಲ್ಲಿ ಔಷಧಿಯನ್ನು ರಕ್ತನಾಳಕ್ಕೆ ಹರಿಸುವ ಪೆಟ್ಟಿಗೆ, ಅದು. ಅದು ಬೀಪ್ ಬೀಪ್ ಅಂತ ಕೂಗಿಕೊಳ್ಳುವುದಕ್ಕೆ ನನ್ನಂಥವರೇ ಕಾರಣ. ಇಪ್ಪತ್ತೆಂಟನೇ ವಯಸ್ಸಿಗೆ ಡಾಕ್ಟರ್ ಆಗಬೇಕು ಅನ್ನಿಸಿತು. ಅಮ್ಮ ಫೋನಿನಲ್ಲಿ ಕೇಳಿದ್ದು ಒಂದೇ ಮಾತು, "ಇಷ್ಟು ಓದಿದ್ದು ಸಾಲಲಿಲ್ವಾ?"

ಸಾಲಲಿಲ್ಲ. ಎಷ್ಟು ಸಾಲಲಿಲ್ಲ ಅಂತ ಗೊತ್ತಾಗಿದ್ದು ಅಂಕಪಟ್ಟಿ ತೆಗೆದಾಗ.

ಪ್ಯಾಕೇಜಿನ ಮೊದಲ ಭಾಗ ಇದೇ, ಕೋರ್ಸುಗಳ ಪರಿಶೀಲನೆ. ನನ್ನ ಮಟ್ಟಿಗೆ ಇದು ದಂಡ. ಸಲಹೆಗಾರನೊಬ್ಬ ಒಂದು ಸ್ಪ್ರೆಡ್‌ಶೀಟ್ ಕಳಿಸಿದ. ನೋಡಿದ ಕೂಡಲೇ ಗೊತ್ತಾಯಿತು, ಇದು ಜೀವಶಾಸ್ತ್ರ ಓದಿದವರಿಗೆ ಮಾಡಿದ ಹಾಳೆ. ನನ್ನ ಸಿಗ್ನಲ್ಸ್, ಕಂಟ್ರೋಲ್ಸ್, ಸರ್ಕ್ಯೂಟ್ಸ್ ಎಲ್ಲವನ್ನೂ "ಇತರೆ" ಅನ್ನುವ ಒಂದೇ ಡಬ್ಬಿಗೆ ಸುರಿದಿದ್ದ. ಅದು ತಪ್ಪಲ್ಲ. ಆ್ಯಮ್‌ಕ್ಯಾಸ್, ಅಂದರೆ ಇಲ್ಲಿನ ಬಹುತೇಕ ಎಂಡಿ ಕಾಲೇಜುಗಳಿಗೆ (ಇಲ್ಲಿ ಒಂದು ಡಿಗ್ರಿ ಮುಗಿಸಿ ಡಾಕ್ಟರ್ ಆಗಲು ಓದುವುದೇ ಎಂಡಿ) ಒಟ್ಟಿಗೇ ಅರ್ಜಿ ಹಾಕುವ ವ್ಯವಸ್ಥೆ, ಜಿಪಿಎಯನ್ನು, ಅಂದರೆ ಗ್ರೇಡುಗಳ ಸರಾಸರಿಯನ್ನು, ಎರಡು ಥರ ಲೆಕ್ಕ ಹಾಕುತ್ತದೆ. ಒಂದು ಒಟ್ಟು. ಇನ್ನೊಂದು ಬಿಸಿಪಿಎಂ: ಬಯಾಲಜಿ, ಕೆಮಿಸ್ಟ್ರಿ, ಫಿಸಿಕ್ಸ್, ಮ್ಯಾಥ್ಸ್ ಮಾತ್ರ. ಎಂಜಿನಿಯರಿಂಗ್ ಕೋರ್ಸುಗಳು ಇದರ ಹೊರಗೆ.

ಇದರಲ್ಲಿ ಏಟು ಎಲ್ಲಿ ಬೀಳುತ್ತದೆ ನೋಡಿ. ಎಂಜಿನಿಯರಿಂಗ್ ವಿದ್ಯಾರ್ಥಿ ಕ್ಯಾಲ್ಕುಲಸ್ಸು, ಫಿಸಿಕ್ಸು ಓದುವುದು ಮೊದಲ ಎರಡು ವರ್ಷ. ಹಾಸ್ಟೆಲ್ಲು, ನಿದ್ದೆಗೇಡು, ಇನ್ನೂ ಓದುವ ಕ್ರಮವೇ ಗೊತ್ತಿಲ್ಲದ ಕಾಲ. ನನ್ನ ಎರಡನೇ ಕ್ಯಾಲ್ಕುಲಸ್ಸಿನ ಸಿ ಪ್ಲಸ್ ಬಂದು ಬಿಸಿಪಿಎಂನಲ್ಲಿ ಕೂತಿತು. ಬುದ್ಧಿ ಬಂದ ಮೇಲೆ ಕಷ್ಟಪಟ್ಟು ತೆಗೆದ ಎ ಗ್ರೇಡುಗಳೆಲ್ಲ "ಇತರೆ" ಡಬ್ಬಿಯಲ್ಲಿ. ಆ ಕೋರ್ಸನ್ನು ಮತ್ತೆ ಓದಿದರೂ ಹಳೆಯದು ಅಳಿಸಿಹೋಗುವುದಿಲ್ಲ, ಆ್ಯಮ್‌ಕ್ಯಾಸ್ ಎರಡನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ನನಗೆ ಬೇಕಿದ್ದದ್ದು ಈ ವಿಷಯ. ಇದನ್ನು ಸಲಹೆಗಾರ ಹೇಳಲಿಲ್ಲ. ಆ್ಯಮ್‌ಕ್ಯಾಸಿನ ಕೈಪಿಡಿ ಓದಿ ನಾನೇ ತಿಳಿದುಕೊಂಡೆ. ಕೈಪಿಡಿ ಪುಕ್ಕಟೆ.

ಅದಕ್ಕಿಂತ ದೊಡ್ಡ ಎಡವಟ್ಟು ಕೆಮಿಸ್ಟ್ರಿಯದು. ಹೈಸ್ಕೂಲಿನಲ್ಲಿ ಎಪಿ ಅನ್ನುವ ಕಾಲೇಜು ಮಟ್ಟದ ಪರೀಕ್ಷೆ ಬರೆದು, ಅದರ ಕ್ರೆಡಿಟ್ಟಿನಲ್ಲಿ ಕಾಲೇಜಿನ ಜನರಲ್ ಕೆಮಿಸ್ಟ್ರಿ ಬಿಟ್ಟಿದ್ದೆ. ಎಂಜಿನಿಯರಿಂಗಿನವರಲ್ಲಿ ಇದು ಮಾಮೂಲು, ಯಾರೂ ಕೇಳುವುದಿಲ್ಲ. ಮೆಡಿಕಲ್ ಕಾಲೇಜುಗಳು ಕೇಳುತ್ತವೆ. ಕೆಲವು ಎಪಿ ಒಪ್ಪುತ್ತವೆ, ಕೆಲವು ಒಪ್ಪುವುದಿಲ್ಲ, ಕೆಲವು "ಒಪ್ಪುತ್ತೇವೆ, ಆದರೆ ಅದರ ಮೇಲಿನ ಕೋರ್ಸು ಓದಿರಬೇಕು" ಅನ್ನುತ್ತವೆ. ನನ್ನ ಹಾಳೆಯಲ್ಲಿ ಕೆಮಿಸ್ಟ್ರಿ ಎದುರು ಹಸಿರು ಟಿಕ್ ಇತ್ತು. ಮೆಡಿಕಲ್ ಕಾಲೇಜುಗಳ ಒಕ್ಕೂಟವಾದ ಎಎಎಂಸಿಯ ಎಂಸಾರ್ ಅನ್ನುವ ಡೇಟಾಬೇಸ್ ಇದೆ. ಪ್ರತಿ ಕಾಲೇಜೂ ಏನು ಕೇಳುತ್ತದೆ ಅಂತ ಅದರಲ್ಲಿ ಸಿಗುತ್ತದೆ. ವರ್ಷಕ್ಕಿಷ್ಟು ಅಂತ ಸಣ್ಣ ಚಂದಾ. ಒಂದು ಶನಿವಾರ ಕೂತು ಒಂದೊಂದೇ ಕಾಲೇಜು ತೆರೆದು ನೋಡಿದೆ. ಅವರು ಕೊಟ್ಟ ಪಟ್ಟಿಯ ನಾಲ್ಕು ಕಾಲೇಜುಗಳಿಗೆ ನನ್ನ ಎಪಿ ನಡೆಯುವುದೇ ಇಲ್ಲ.

ಸಲಹೆಗಾರನಿಗೆ ಬರೆದೆ. "ಚೆನ್ನಾಗಿ ಗಮನಿಸಿದಿರಿ!" ಅಂತ ಉತ್ತರ ಬಂತು, ಜೊತೆಗೊಂದು ನಗುಮುಖ. ಗಮನಿಸುವುದಕ್ಕೆ ದುಡ್ಡು ತೆಗೆದುಕೊಂಡದ್ದು ಯಾರು?

ಕಾಲೇಜುಗಳ ಪಟ್ಟಿಯ ಕಥೆಯೂ ಅಷ್ಟೇ. ಎಂಜಿನಿಯರ್ ಅಂದ ತಕ್ಷಣ ಎರಡು ಹೆಸರು ಮೇಲೆ ಹಾಕಿದ್ದರು. ಒಂದು, ಇಲಿನಾಯ್ಸ್ ವಿಶ್ವವಿದ್ಯಾಲಯದ ಕಾರ್ಲ್ ಇಲಿನಾಯ್ಸ್. ಎಂಜಿನಿಯರಿಂಗನ್ನೇ ಅಡಿಪಾಯ ಮಾಡಿಕೊಂಡು ಹುಟ್ಟಿದ ಮೆಡಿಕಲ್ ಕಾಲೇಜು. 2018ರಲ್ಲಿ ಮೂವತ್ತೆರಡು ಜನರ ಮೊದಲ ತಂಡ ಸೇರಿತು. ಇನ್ನೊಂದು ಹ್ಯೂಸ್ಟನ್ನಿನಲ್ಲಿರುವ ಟೆಕ್ಸಾಸ್ ಎ ಆ್ಯಂಡ್ ಎಂ ವಿಶ್ವವಿದ್ಯಾಲಯದ ಎನ್‌ಮೆಡ್. ನಾಲ್ಕು ವರ್ಷದಲ್ಲಿ ಎಂಡಿ ಜೊತೆ ಎಂಜಿನಿಯರಿಂಗ್ ಮಾಸ್ಟರ್ಸ್ ಕೂಡ. ಎರಡೂ ನನ್ನಂಥವರಿಗೆ ಹೇಳಿ ಮಾಡಿಸಿದವೇ. ಆದರೆ ಟೆಕ್ಸಾಸಿನ ಸರ್ಕಾರಿ ಮೆಡಿಕಲ್ ಕಾಲೇಜುಗಳಿಗೆ ಬೇರೆಯದೇ ಅರ್ಜಿ ವ್ಯವಸ್ಥೆ ಇದೆ. ಬೇರೆ ಫಾರ್ಮು, ಬೇರೆ ಪ್ರಬಂಧ. ಅದನ್ನು ಯಾರೂ ಬಾಯಿ ಬಿಡಲಿಲ್ಲ. ಆ್ಯಮ್‌ಕ್ಯಾಸಿನಲ್ಲಿ ಎನ್‌ಮೆಡ್ ಹುಡುಕುತ್ತಾ ಅರ್ಧ ಗಂಟೆ ಹಾಳು ಮಾಡಿದೆ.

ನನ್ನದಾದರೂ ಪರವಾಗಿಲ್ಲ. ಜೊತೆಯಲ್ಲಿ ಕೆಲಸ ಮಾಡುತ್ತಿದ್ದ ಸ್ನೇಹಿತನೊಬ್ಬ ನನ್ನ ಮಾತು ಕೇಳಿ ಇದೇ ಕಂಪನಿಗೆ ಹೋದ. ಬಿಇ ಭಾರತದಲ್ಲಿ, ಎಂಎಸ್ ಇಲ್ಲಿ, ವೀಸಾದ ಮೇಲೆ ಕೆಲಸ. ಹದಿನೈದು ನಿಮಿಷದ ಉಚಿತ ಕರೆಯಲ್ಲಿ "ನಿಮ್ಮ ಹಿನ್ನೆಲೆ ತುಂಬಾ ವಿಶಿಷ್ಟ" ಅಂದರಂತೆ. ಮೊದಲ ಕಂತು ಕಟ್ಟಿಸಿಕೊಂಡರು. ಎರಡನೇ ಭೇಟಿಯಲ್ಲಿ ವಿಷಯ ಹೊರಬಿತ್ತು. ಹೊರದೇಶದ ಕಾಲೇಜಿನ ಗ್ರೇಡುಗಳನ್ನು ಆ್ಯಮ್‌ಕ್ಯಾಸ್ ಜಿಪಿಎಗೆ ಸೇರಿಸುವುದಿಲ್ಲ. ಅಮೆರಿಕ ಅಥವಾ ಕೆನಡಾದಲ್ಲಿ ಓದಿದ ತೊಂಬತ್ತು ಕ್ರೆಡಿಟ್ ಇರಬೇಕು ಅನ್ನುವ ಕಾಲೇಜುಗಳು ಹಲವು. ಎಂಎಸ್‌ನಲ್ಲಿ ಆಗುವುದು ಮೂವತ್ತರ ಆಸುಪಾಸು, ಅದನ್ನೂ ಎಲ್ಲರೂ ಎಣಿಸುವುದಿಲ್ಲ. ಇನ್ನು ಸಿಟಿಜನ್ ಅಲ್ಲದ, ಗ್ರೀನ್ ಕಾರ್ಡ್ ಇಲ್ಲದವರಿಗೆ ಹೆಚ್ಚಿನ ಕಾಲೇಜುಗಳ ಬಾಗಿಲೇ ತೆರೆಯುವುದಿಲ್ಲ. ಇಷ್ಟನ್ನು ಮೊದಲ ಐದು ನಿಮಿಷದಲ್ಲಿ ಹೇಳಬಹುದಿತ್ತು, ಅಲ್ವಾ? ಅವನ ದುಡ್ಡು ವಾಪಸ್ ಬರಲಿಲ್ಲ. ಅವನಿಗೆ ಆ ಹೆಸರು ಹೇಳಿದವಳು ನಾನು, ಈಗಲೂ ಮುಜುಗರ. ನಿಮ್ಮ ಡಿಗ್ರಿ ಭಾರತದ್ದಾದರೆ ಯಾವ ಕಂಪನಿಗೂ ಕಾಸು ಕೊಡುವ ಮೊದಲು ಈ ಮೂರು ಪ್ರಶ್ನೆ ಕೇಳಿ: ಗ್ರೇಡು, ಕ್ರೆಡಿಟ್ಟು, ವೀಸಾ.

ಎಂಕ್ಯಾಟ್, ಅಂದರೆ ಇಲ್ಲಿನ ಮೆಡಿಕಲ್ ಪ್ರವೇಶ ಪರೀಕ್ಷೆ, ಅದರ ತಯಾರಿಗೆ ಅವರು ಒಂದು ಕ್ಯಾಲೆಂಡರ್ ಕೊಟ್ಟರು. ಅದನ್ನು ತೆರೆದು ನೋಡಿ ಮುಚ್ಚಿದೆ. ಪರೀಕ್ಷೆ ನಡೆಸುವ ಎಎಎಂಸಿಯ ಅಭ್ಯಾಸ ಪರೀಕ್ಷೆಗಳೇ ಸಾಕು, ಅವನ್ನು ನಿಜವಾದ ಪರೀಕ್ಷೆಯ ಥರ ಒಂದೇ ಕೂತಲ್ಲಿ ಬರೆಯಬೇಕು ಅಷ್ಟೇ. ಎಂಜಿನಿಯರುಗಳಿಗೆ ಒಂದು ಎಚ್ಚರಿಕೆ: ಕ್ಯಾಲ್ಕುಲೇಟರ್ ಇಲ್ಲ. ಫಿಸಿಕ್ಸ್ ನಮಗೆ ಸುಲಭ ಅಂದುಕೊಂಡು ಹೋಗಿ, ಗುರುತ್ವದ 9.8 ಅನ್ನು 10 ಅಂತ ಹಿಡಿಯಲು ಕೈ ಬರದೆ ಒದ್ದಾಡಿದೆ. ಕಾರ್ಸ್ ಅನ್ನುವ ಓದುವ ವಿಭಾಗ ಬೇರೆ. ತೊಂಬತ್ತು ನಿಮಿಷ, ಐವತ್ಮೂರು ಪ್ರಶ್ನೆ, ಕಲೆ ತತ್ವಶಾಸ್ತ್ರ ಅಂತ ಒಂಬತ್ತು ಗದ್ಯಭಾಗ. ಅಲ್ಲಿ ಸೂತ್ರ ನಡೆಯುವುದಿಲ್ಲ.

ಈಗ ಪ್ರಬಂಧಕ್ಕೆ ಬರುತ್ತೇನೆ. ಈ ರಿವ್ಯೂ ಬರೆಯುತ್ತಿರುವುದೇ ಇದಕ್ಕೆ.

"ಯಾಕೆ ಡಾಕ್ಟರ್ ಆಗಬೇಕು" ಅಂತ ಹೇಳಲು ಆ್ಯಮ್‌ಕ್ಯಾಸ್ ಕೊಡುವ ಜಾಗ 5,300 ಅಕ್ಷರ, ನಡುವಿನ ಖಾಲಿ ಜಾಗವೂ ಸೇರಿ. ನನ್ನ ಮೊದಲ ಕರಡು 5,298 ಇತ್ತು. ಅದನ್ನು ಕಂಡು ನನಗೇ ಹೆಮ್ಮೆ. ಇಂಥ ಹೆಮ್ಮೆ ಎಂಜಿನಿಯರಿಗೆ ಮಾತ್ರ ಬರಲು ಸಾಧ್ಯ ಅಂತ ಆಮೇಲೆ ಗೊತ್ತಾಯಿತು. ಒಂದು ಆಸ್ಪತ್ರೆಯಲ್ಲಿ ನೋಡಿದ್ದ ಪಂಪಿನ ಆಕ್ಲೂಷನ್ ಅಲಾರಂ ಬಗ್ಗೆ ಬರೆದಿದ್ದೆ. ಟ್ಯೂಬಿನಲ್ಲಿ ಎಲ್ಲೋ ಹರಿವು ಕಟ್ಟಿಕೊಂಡರೆ ಒತ್ತಡ ಏರುತ್ತದೆ, ಒಂದು ಮಿತಿ ದಾಟಿದರೆ ಪಂಪ್ ನಿಂತು ಕೂಗುತ್ತದೆ. ಮಿತಿ ಕಡಿಮೆ ಇಟ್ಟರೆ ಸುಮ್ಮಸುಮ್ಮನೆ ಕೂಗಾಟ. ಜಾಸ್ತಿ ಇಟ್ಟರೆ ನಿಜವಾಗಿ ಕಟ್ಟಿಕೊಂಡಾಗ ತಿಳಿಯುವುದು ತಡ. ಕೂಗಿ ಕೂಗಿ ಕೊನೆಗೆ ನರ್ಸುಗಳ ಕಿವಿ ಅದಕ್ಕೆ ಒಗ್ಗಿಹೋಗುತ್ತದೆ. ಇದನ್ನೆಲ್ಲ ಬಲು ಚೆನ್ನಾಗಿ ವಿವರಿಸಿದ್ದೆ. ಕೊನೆಯಲ್ಲಿ "ಯಂತ್ರದಾಚೆಗಿನ ಮನುಷ್ಯನನ್ನು ಕಾಣುವ ಹಂಬಲ" ಅಂತ ಒಂದು ವಾಕ್ಯ.

ಪ್ರಬಂಧ ಹೋದದ್ದು ಬೇರೊಬ್ಬರ ಕೈಗೆ. ಮೊದಲು ನರ್ಸ್ ಆಗಿದ್ದವರು, ಆಮೇಲೆ ಕೆಲವು ವರ್ಷ ಒಂದು ಮೆಡಿಕಲ್ ಕಾಲೇಜಿನ ಅಡ್ಮಿಷನ್ ಕಮಿಟಿಯಲ್ಲಿ ಕೂತವರು. ತಿದ್ದುವುದು ಅಂದರೆ ವ್ಯಾಕರಣ ಸರಿ ಮಾಡುತ್ತಾರೆ ಅಂದುಕೊಂಡಿದ್ದೆ. ಅವರು ಒಂದು ಪದ ಮುಟ್ಟಿರಲಿಲ್ಲ. ಯಂತ್ರದ ಬಗ್ಗೆ ಇದ್ದ ಸಾಲಿಗೆಲ್ಲ ಹಳದಿ ಬಣ್ಣ ಬಳಿದಿದ್ದರು, ಮನುಷ್ಯರ ಬಗ್ಗೆ ಇದ್ದದ್ದಕ್ಕೆ ಹಸಿರು. ನನ್ನ ಬಗ್ಗೆಯೇ ಇದ್ದ ಸಾಲುಗಳನ್ನು ಹಾಗೇ ಬಿಳಿ ಬಿಟ್ಟಿದ್ದರು. ಎಣಿಸಿದೆ. ಹಳದಿ ಮೂವತ್ತೊಂದು ಸಾಲು. ಹಸಿರು ಒಂದು. ಆ ಒಂದು ಕೂಡ "ಯಂತ್ರದಾಚೆಗಿನ ಮನುಷ್ಯ" ಅನ್ನುವ ಸಾಲೇ. ಅದರ ಪಕ್ಕ ಪ್ರಶ್ನಾರ್ಥಕ ಚಿಹ್ನೆ.

ಕರೆ ಮಾಡಿದಾಗ ಅವರು ಕೇಳಿದ್ದು, "ಆ ಪಂಪ್ ಯಾರ ಕೈಗೆ ಹಾಕಿತ್ತು?"

ಯಾರದೋ ಕೈಗೆ. ನಾವು ಅವತ್ತು ಆಸ್ಪತ್ರೆಗೆ ಹೋಗಿದ್ದು ಪಂಪ್ ನೋಡುವುದಕ್ಕೆ. ಹಾಗಂತಲೇ ಹೇಳಿದೆ. ಅವರು ಸುಮ್ಮನಿದ್ದರು. ಆ ಮೌನಕ್ಕೆ ಏನಾದರೂ ತುಂಬಬೇಕು ಅಂತ ನೆನಪಿಸಿಕೊಳ್ಳುತ್ತಾ ಹೋದೆ. ಒಬ್ಬ ವಯಸ್ಸಾದವರು. ಸೂಜಿ ಮೊಣಕೈಯ ಮಡಿಕೆಯಲ್ಲಿ ಹಾಕಿತ್ತು. ಪಂಪ್ ಮತ್ತೆ ಮತ್ತೆ ಕೂಗುತ್ತಿತ್ತು. ನಾನು ಪರದೆಯ ಮೇಲಿನ ಸಂಖ್ಯೆ ಬರೆದುಕೊಳ್ಳುತ್ತಿದ್ದೆ. ಅವರು ನನ್ನನ್ನು ಡಾಕ್ಟರ್ ಅಂದುಕೊಂಡರೋ ಏನೋ, "ನನಗೇನಾದರೂ ಆಗ್ತಾ ಇದೆಯಾ?" ಅಂತ ಕೇಳಿದರು. ಅಲ್ಲ, ನೀವು ಪುಸ್ತಕ ಹಿಡಿಯೋಕೆ ಕೈ ಮಡಚಿದ್ದೀರಿ, ಮಡಚಿದಾಗ ಟ್ಯೂಬ್ ಕಟ್ಟಿಕೊಳ್ಳುತ್ತೆ, ಅದಕ್ಕೇ ಕೂಗ್ತಾ ಇದೆ ಅಂದೆ. ಅವರು ಮೆಲ್ಲಗೆ ಕೈ ಚಾಚಿದರು. ನರ್ಸ್ ಬಂದು ಗುಂಡಿ ಒತ್ತಿದರು, ಪಂಪ್ ಮತ್ತೆ ಓಡಿತು. ಎರಡು ದಿನದಿಂದ ಆ ಸದ್ದು ಬಂದಾಗಲೆಲ್ಲ ಏನೋ ಕೆಟ್ಟದ್ದು ಆಯಿತು ಅಂದುಕೊಳ್ಳುತ್ತಿದ್ದರಂತೆ. ಪುಸ್ತಕ ಓದುವುದನ್ನೇ ಬಿಟ್ಟು ಬಾಗಿಲ ಕಡೆ ನೋಡುತ್ತಾ ಮಲಗುತ್ತಿದ್ದರಂತೆ. ಆಮೇಲೆ ಇನ್ನೊಂದು ಕೈಯಲ್ಲಿ ಪುಸ್ತಕ ಹಿಡಿದು ತೋರಿಸಿ, "ಹೀಗೆ ಸರೀನಾ?" ಅಂತ ಕೇಳಿದರು.

"ನೀವು ರಿಪೋರ್ಟಿನಲ್ಲಿ ಏನು ಬರೆದಿರಿ?" ಅಂತ ಕೇಳಿದರು ಫೋನಿನಲ್ಲಿ.

"ಆಕ್ಲೂಷನ್ ಅಲಾರಂ. ಕಾರಣ, ತೋಳಿನ ಭಂಗಿ. ಸರಿಪಡಿಸಲಾಗಿದೆ."

ಅವರು ನಕ್ಕರು, ನನಗೆ ನಗು ಬರಲಿಲ್ಲ.

ಆದರೂ ಎರಡನೇ ಕರಡಿನಲ್ಲಿ ಹಳೆ ಚಾಳಿ ಬಿಡಲಿಲ್ಲ ನೋಡಿ. ಆ ಮುದುಕರನ್ನು ತಂದೆ, ಜೊತೆಗೆ ಥೆರಾಕ್-25ನ್ನೂ ತಂದೆ. ವೈದ್ಯಕೀಯ ಉಪಕರಣಕ್ಕೆ ಸಾಫ್ಟ್‌ವೇರ್ ಬರೆಯುವವರಿಗೆಲ್ಲ ಗೊತ್ತಿರುವ ಭಯಾನಕ ಕಥೆ ಅದು. 1985ರಿಂದ 1987ರ ನಡುವೆ ಆ ವಿಕಿರಣ ಯಂತ್ರದ ಸಾಫ್ಟ್‌ವೇರ್ ದೋಷದಿಂದ ಆರು ರೋಗಿಗಳಿಗೆ ಮಿತಿಮೀರಿದ ವಿಕಿರಣ ತಗುಲಿತು, ಕೆಲವರು ಸತ್ತರು. ಅದು ಸಾಲದು ಅಂತ ಸಿಟಿ ಸ್ಕ್ಯಾನರ್ ಕಂಡುಹಿಡಿದ ಎಂಜಿನಿಯರ್ ಗಾಡ್‌ಫ್ರೇ ಹೌನ್ಸ್‌ಫೀಲ್ಡ್‌ಗೆ 1979ರಲ್ಲಿ ವೈದ್ಯಕೀಯ ನೊಬೆಲ್ ಬಂದದ್ದನ್ನೂ ಸೇರಿಸಿದೆ. ಎಂಜಿನಿಯರುಗಳೂ ವೈದ್ಯಕೀಯಕ್ಕೆ ಬೇಕಾದವರು ಅಂತ ಸಾಬೀತು ಮಾಡುವ ಉಮೇದು. ವಾಪಸ್ ಬಂದಾಗ ಎರಡೂ ಹಳದಿ. ಪಕ್ಕದಲ್ಲಿ ಒಂದು ಟಿಪ್ಪಣಿ: "ಇದು ನಿಜ, ಚೆನ್ನಾಗೂ ಇದೆ. ಆದರೆ ನಿಮ್ಮದಲ್ಲ. ಅದೂ ಅಲ್ಲದೆ ನೀವು ಎಂಜಿನಿಯರಿಂಗಿನ ಪರ ವಾದ ಮಾಡುತ್ತಿದ್ದೀರಿ. ಯಾರೂ ಅದನ್ನು ಬೈದಿಲ್ಲ."

ನನ್ನ ಅರ್ಜಿಯ ಬಗ್ಗೆ ಯಾರಾದರೂ ಹೇಳಿದ ಅತ್ಯಂತ ಸರಿಯಾದ ಮಾತು ಇದು. ಹಾದಿ ಬದಲಿಸಿದವರಿಗೆ ತಪ್ಪಿತಸ್ಥ ಭಾವ ಇರುತ್ತದೆ. ಬಿಟ್ಟದ್ದು ವ್ಯರ್ಥವಲ್ಲ ಅಂತ ಎಲ್ಲರಿಗೂ ಹೇಳುತ್ತಾ ಓಡಾಡುತ್ತೇವೆ. ಅಮ್ಮನಿಗೆ ಕೊಡಬೇಕಾದ ಉತ್ತರವನ್ನು ನಾನು ಅಡ್ಮಿಷನ್ ಕಮಿಟಿಗೆ ಬರೆಯುತ್ತಿದ್ದೆ.

ಒಟ್ಟು ಆರು ಕರಡು ಆಯಿತು. ಕೊನೆಯದರಲ್ಲಿ ಪಂಪಿಗೆ ನಾಲ್ಕೇ ಸಾಲು. 5,300 ತುಂಬಲೇ ಇಲ್ಲ, 4,600ಕ್ಕೆ ನಿಂತಿತು. ಉಳಿದ ಜಾಗ ಕಂಡು ಕೈ ತುರಿಸುತ್ತಿತ್ತು, ಬಿಡಿ ಅಂದರು, ಬಿಟ್ಟೆ. ಪ್ಯಾಕೇಜಿನಲ್ಲಿ ಮೂರು ಸಲ ತಿದ್ದುವುದು ಮಾತ್ರ ಸೇರಿತ್ತು. ಮಿಕ್ಕ ಮೂರಕ್ಕೆ ಬಿಲ್ ಬರುತ್ತದೆ ಅಂದುಕೊಂಡೆ, ಬರಲಿಲ್ಲ. ಬಹುಶಃ ಅವರು ಕಂಪನಿಗೆ ಹೇಳಲೇ ಇಲ್ಲ.

ಅಣಕು ಸಂದರ್ಶನವೂ ಇವರ ಜೊತೆಗೇ ಸಿಕ್ಕಿದ್ದು ಅದೃಷ್ಟ. ಈಗ ಅನೇಕ ಕಾಲೇಜುಗಳಲ್ಲಿ ಎಂಎಂಐ ಅನ್ನುವ ಪದ್ಧತಿ ಇದೆ, ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ ಶುರುವಾದದ್ದು. ಸಾಲಾಗಿ ಕೋಣೆಗಳು. ಬಾಗಿಲ ಮೇಲಿನ ಪ್ರಶ್ನೆ ಓದಲು ಎರಡು ನಿಮಿಷ, ಒಳಗೆ ಹೋಗಿ ಮಾತಾಡಲು ಏಳೆಂಟು ನಿಮಿಷ, ಗಂಟೆ ಬಾರಿಸಿದರೆ ಮುಂದಿನ ಕೋಣೆ. ನಮ್ಮದು ವಿಡಿಯೋದಲ್ಲಿ. ಸನ್ನಿವೇಶ ಹೀಗಿತ್ತು: ನಿಮ್ಮ ಗೆಳತಿ ಪರೀಕ್ಷೆಯಲ್ಲಿ ಫೇಲಾಗಿದ್ದಾಳೆ, ಮನೆಗೆ ಹೇಳಲು ಭಯ, ಮಾತಾಡಿಸಿ. ಗೆಳತಿಯ ಪಾತ್ರ ಅವರದೇ. ತಲೆ ತಗ್ಗಿಸಿ ಕೂತರು. ನಾನು ಅರ್ಧ ನಿಮಿಷದಲ್ಲಿ ಮೂರು ದಾರಿ ಹೇಳಿದೆ. ಮರುಪರೀಕ್ಷೆ, ಮೇಲ್ಮನವಿ, ಟ್ಯೂಷನ್. ಮೂರಕ್ಕೂ ಸಾಧಕ ಬಾಧಕ. ಎರಡನೇ ನಿಮಿಷಕ್ಕೆ ನನ್ನ ಸರಕು ಖಾಲಿ. ಉಳಿದ ಆರು ನಿಮಿಷ ಇಬ್ಬರೂ ಪರದೆ ನೋಡುತ್ತಾ ಕೂತೆವು. ಅವರು ಬೇಕಂತಲೇ ಗಡಿಯಾರ ನಿಲ್ಲಿಸಲಿಲ್ಲ. ಅಷ್ಟು ಉದ್ದದ ಆರು ನಿಮಿಷ ನಾನು ಕಂಡಿಲ್ಲ.

ಗಂಟೆ ಬಾರಿಸಿದ ಮೇಲೆ ಅಂದರು, "ಅವಳು ನಿಮ್ಮನ್ನು ಏನೂ ಕೇಳಲೇ ಇಲ್ಲವಲ್ಲ."

ಮುಂದಿನ ಸಲ ಬರೀ "ಯಾವಾಗ ಗೊತ್ತಾಯಿತು?" ಅಂತ ಕೇಳಿದೆ. ಎಂಟು ನಿಮಿಷ ಸಾಲಲಿಲ್ಲ.

ಫಲಿತಾಂಶ ಕೇಳುತ್ತೀರಿ ಅಂತ ಗೊತ್ತು. ಬಿಟ್ಟುಹೋಗಿದ್ದ ಆರ್ಗ್ಯಾನಿಕ್ ಕೆಮಿಸ್ಟ್ರಿ, ಬಯೋಕೆಮಿಸ್ಟ್ರಿ, ಬಯಾಲಜಿ ಲ್ಯಾಬ್ ಎಲ್ಲ ಸಂಜೆ ತರಗತಿಯಲ್ಲಿ ಮುಗಿಸಲು ಎರಡು ವರ್ಷ ಹಿಡಿಯಿತು. ಹದಿನೆಂಟು ಕಾಲೇಜಿಗೆ ಹಾಕಿದೆ. ಮೂರು ಕಡೆ ಸಂದರ್ಶನ, ಒಂದು ಕಡೆ ವೇಟ್‌ಲಿಸ್ಟ್, ಒಂದು ಕಡೆ ಸೀಟು. ಸೀಟು ಕೊಟ್ಟ ಕಾಲೇಜು ಎಂಜಿನಿಯರುಗಳದ್ದಲ್ಲ, ಮಾಮೂಲಿ ಕಾಲೇಜು. ಅಲ್ಲಿನ ಸಂದರ್ಶಕರು ಕೇಳಿದ್ದು ಪುಸ್ತಕದ ಬಗ್ಗೆ. ಆ ಮುದುಕರು ಯಾವ ಪುಸ್ತಕ ಓದುತ್ತಿದ್ದರು ಅಂತ. ನಾನು ನೋಡಿರಲಿಲ್ಲ. ನೋಡಿರಲಿಲ್ಲ ಅಂತಲೇ ಹೇಳಿದೆ.

ಸ್ಟಾರ್ ಕೊಡಬೇಕಲ್ಲ. ಕೋರ್ಸ್ ಪರಿಶೀಲನೆಗೆ ಒಂದು. ಪಟ್ಟಿಗೆ ಒಂದೂವರೆ, ಅದೂ ಹೆಸರುಗಳು ಹೊಸದಾಗಿ ಗೊತ್ತಾದವು ಅಂತ. ಸ್ನೇಹಿತನ ವಿಷಯಕ್ಕೆ ಸೊನ್ನೆ. ಪ್ರಬಂಧ, ಸಂದರ್ಶನ ಎರಡಕ್ಕೂ ಐದೈದು. ಈಗಾದರೆ ಪ್ಯಾಕೇಜ್ ತೆಗೆದುಕೊಳ್ಳುತ್ತಿರಲಿಲ್ಲ. ಅವರ ವೆಬ್‌ಸೈಟಿನ ತೀರಾ ಕೆಳಗೆ ಸಣ್ಣಕ್ಷರದಲ್ಲಿ ಗಂಟೆ ಲೆಕ್ಕದ ಸೇವೆ ಇದೆ. ಇಂಥ ಕಂಪನಿಗಳಲ್ಲಿ ಹೆಚ್ಚಾಗಿ ಇರುತ್ತದೆ, ಕೇಳಿದರೆ ಮಾತ್ರ ಹೇಳುತ್ತಾರೆ. ಎಂಟು ಗಂಟೆ ಕೊಂಡಿದ್ದರೆ ನನ್ನ ಕೆಲಸ ಆಗುತ್ತಿತ್ತು, ಕಾಲು ಭಾಗ ದುಡ್ಡಿನಲ್ಲಿ. ಯಾರು ತಿದ್ದುತ್ತಾರೆ, ಅವರು ಮೊದಲು ಏನು ಮಾಡುತ್ತಿದ್ದರು ಅಂತಲೂ ಮೊದಲೇ ಕೇಳಿ.

ಸೀಟು ಸಿಕ್ಕಿದ ದಿನ ಅವರಿಗೆ ಮೇಲ್ ಬರೆದೆ. ಉದ್ದವಾಗಿಯೇ ಬರೆದೆ, ಅಕ್ಷರ ಎಣಿಸಲಿಲ್ಲ. ಐದು ನಿಮಿಷಕ್ಕೆ ಉತ್ತರ ಬಂತು, ತಾನಾಗಿ ಹೋಗುವಂಥ ಉತ್ತರ: ಇವರು ಈಗ ನಮ್ಮ ಸಂಸ್ಥೆಯಲ್ಲಿಲ್ಲ, ನಿಮ್ಮ ಪ್ಯಾಕೇಜ್ ನವೀಕರಿಸಲು ಇಲ್ಲಿ ಒತ್ತಿ.